ಮುದ್ದೆ ತೊಳಸುವ ಎತ್ತರ

ಮಧ್ಯಾಹ್ನ ಊಟವಾದ ಮೇಲೆ ಪಾಲಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಒರಗಿಕೊಂಡರೆ ಸಾಕು, ಕಾಲುವೆಯ ನೀರಿನ ಸದ್ದು ಕಿವಿಗೆ ಬೀಳುತ್ತಾ ಬೀಳುತ್ತಾ ದೂರವಾಗುತ್ತದೆ. ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಎಚ್ಚರವೂ ಇರುವುದಿಲ್ಲ. ಆ ಮಂಪರಿನಲ್ಲಿ ನಾನು ಕೆಲಸ ಮಾಡಿದ ಕಟ್ಟಡಗಳು ಒಂದೊಂದಾಗಿ ಬರುತ್ತವೆ. ಅವುಗಳ ಬಣ್ಣವಾಗಲಿ, ಉದ್ಘಾಟನೆಯ ಕಲ್ಲಾಗಲಿ ನೆನಪಿಗೆ ಬರುವುದಿಲ್ಲ. ಅಂಗೈಗೆ ಯಾವುದೋ ಕಂಬಿಯ ತಣ್ಣನೆ ಕಬ್ಬಿಣ ಬರುತ್ತದೆ. ಪಾದಕ್ಕೆ ಯಾವುದೋ ಮೆಟ್ಟಿಲಿನ ಸವೆದ ಅಂಚು ಬರುತ್ತದೆ. ಬಲಗಡೆ ಭುಜಕ್ಕೆ ನಾಗಮಂಗಲದ ಹಾಸ್ಟೆಲಿನ ಅಡುಗೆಮನೆ ಬರುತ್ತದೆ. ಆಗ ಎಚ್ಚರಾಗಿ ಭುಜ ನೀವಿಕೊಳ್ಳುತ್ತಾ ಕೂರುತ್ತೇನೆ.

ನಾನು ಸರ್ಕಾರದ ಕಟ್ಟಡ ವಿಭಾಗದಲ್ಲಿ ಇಂಜಿನಿಯರಾಗಿ ದುಡಿದು ನಿವೃತ್ತಳಾದವಳು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ಬಿಟ್ಟು ಆಚೆಗೆ ನನ್ನ ವರ್ಗಾವಣೆ ಆಗಲೇ ಇಲ್ಲ. ಬಡ್ತಿ ಒಂದಷ್ಟು ಸಿಕ್ಕಿತು, ಒಂದಷ್ಟು ತಪ್ಪಿತು, ಅದನ್ನು ಕಟ್ಟಿಕೊಂಡು ನಿಮಗೇನಾಗಬೇಕು. ಮೊನ್ನೆ ಕಾವ್ಯ ಅನ್ನುವ ಹುಡುಗಿ ಮನೆಗೆ ಬಂದಿದ್ದಳು. ನಾನು ಕೂತು ಎದ್ದ ಕುರ್ಚಿಗೆ ಈಗ ಹೊಸದಾಗಿ ಬಂದಿರುವವಳು. ಕಟ್ಟಡ ಅನ್ನುವುದು ಮನುಷ್ಯನ ಮೈಗೆ ಒಗ್ಗಬೇಕು ಅನ್ನುವುದಕ್ಕೇ ಕಾಲೇಜಿನಲ್ಲಿ ಈಗ ಒಂದು ಪಾಠವಿದೆಯಂತೆ, ಎರ್ಗನಾಮಿಕ್ಸ್ ಅಂತ ಹೆಸರಂತೆ. ನಮ್ಮ ಕಾಲದಲ್ಲಿ ಅದಕ್ಕೆ ಹೆಸರಿರಲಿಲ್ಲ ಕಣಮ್ಮ, ಜನ ಬೈದಾಗ ಗೊತ್ತಾಗುತ್ತಿತ್ತು ಅಂದೆ.

ಅವಳು ಲ್ಯಾಪ್‌ಟಾಪ್ ಬಿಚ್ಚಿ ಒಂದು ನಕ್ಷೆ ತೋರಿಸಿದಳು. ಬಾಗಿಲ ಹತ್ತಿರ, ಮೆಟ್ಟಿಲ ಮೇಲೆ, ಸಿಂಕಿನ ಮುಂದೆ, ಎಲ್ಲ ಕಡೆಯೂ ಒಬ್ಬನೇ ಮನುಷ್ಯ ನಿಂತಿದ್ದ. ಎತ್ತರದವನು, ನೆಟ್ಟಗಿರುವವನು, ಕೈಯಲ್ಲಿ ಏನೂ ಇಲ್ಲ. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುತ್ತಾನಂತೆ, ಬೇಕಾದ ಕಡೆ ತಂದು ನಿಲ್ಲಿಸಿದರಾಯಿತು. ಇವನ ತಲೆ ಮೇಲೆ ಹುಲ್ಲಿನ ಹೊರೆ ಯಾಕಿಲ್ಲ, ಸೊಂಟದಲ್ಲಿ ಮಗು ಯಾಕಿಲ್ಲ, ಇವನಿಗೆ ಮಂಡಿನೋವೇ ಬರುವುದಿಲ್ಲವೇ ಅಂತ ಕೇಳಿದೆ. ಹುಡುಗಿ ಮೊದಲು ನಕ್ಕಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿದಳು. ನಿಮಗೆ ಗೊತ್ತಿರುವುದನ್ನು ಬರೆದಿಡಿ ಮೇಡಂ, ನಮ್ಮಂಥವರು ಓದುತ್ತೇವೆ ಅಂದು ಹೋದಳು. ಅವಳ ಮಾತಿಗೆ ಕಟ್ಟುಬಿದ್ದು ಬರೆಯುತ್ತಿದ್ದೇನೆ. ನನ್ನ ಬರವಣಿಗೆ ಎಸ್ಟಿಮೇಟ್ ಬರೆದು ಬರೆದು ಒರಟಾಗಿದೆ, ಸಹಿಸಿಕೊಳ್ಳಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದದ್ದು ಕೆ.ಆರ್.ಪೇಟೆಯಲ್ಲಿ. ಅಲ್ಲಿನ ಒಂದು ಕಚೇರಿಯ ರಿಪೇರಿ ನನ್ನ ಪಾಲಿಗೆ ಬಂತು. ಜನ ಅರ್ಜಿ ಕೊಡುವುದಕ್ಕೆ ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಒಳಗಡೆ ಗುಮಾಸ್ತ ಕುರ್ಚಿಯಲ್ಲಿ ಕೂತಿರುತ್ತಾನಲ್ಲ, ಅವನ ಮುಖದ ಮಟ್ಟಕ್ಕೆ ಸರಿಯಾಗಿ ಆ ಕಿಂಡಿ. ಹೊರಗಡೆ ನಿಂತವರಿಗೆ ಅದು ಸೊಂಟದ ಮಟ್ಟ. ಹಾಗಾಗಿ ಅರ್ಜಿ ಕೊಡಲು ಬಂದವರೆಲ್ಲ ಸೊಂಟ ಮುರಿದು, ಕತ್ತು ಓರೆ ಮಾಡಿ, ಕಿಂಡಿಯೊಳಕ್ಕೆ ಮುಖ ತೂರಿಸಿ ಮಾತಾಡಬೇಕಿತ್ತು. ವಯಸ್ಸಾದವರು ಒಂದು ಕೈ ಮಂಡಿಗೆ ಊರಿ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದುಕೊಂಡು ನಡುಗುತ್ತಿದ್ದರು.

ಕಿಂಡಿಯನ್ನು ಮೇಲಕ್ಕೆ ಎತ್ತಿ ಕಿಟಕಿ ಮಾಡೋಣ ಅಂತ ನಮ್ಮ ಸಾಹೇಬರಿಗೆ ಹೇಳಿದೆ. ನರಸಿಂಹಯ್ಯ ಅಂತ ಅವರ ಹೆಸರು. ಕೆಲಸದುದ್ದಕ್ಕೂ ಎಲ್ಲಿ ಹೋದರೂ ನನ್ನ ಮೇಲಧಿಕಾರಿಯಾಗಿ ಬಂದು ಕೂರುತ್ತಿದ್ದ ಮಹಾಶಯರು. ಬೆಲ್ಟಿನ ಮೇಲೆ ಹೊಟ್ಟೆಯನ್ನು ಜೋಪಾನವಾಗಿ ಕೂರಿಸಿಕೊಂಡು ಓಡಾಡುತ್ತಿದ್ದರು. ಅವರು ಫೈಲಿನಿಂದ ಕಣ್ಣೆತ್ತದೆ ಹೇಳಿದ್ದು ಇಷ್ಟು:

“ನೋಡಮ್ಮ, ಸರ್ಕಾರದ ಮುಂದೆ ಜನ ಸ್ವಲ್ಪ ಬಗ್ಗಿದ್ರೆ ಸರ್ಕಾರಕ್ಕೂ ಒಳ್ಳೇದು, ಜನಕ್ಕೂ ಒಳ್ಳೇದು.”

ಮುಂದಿನ ವಾರ ಅವರೇ ತಪಾಸಣೆಗೆ ಬಂದರು. ಊಟದ ಹೊತ್ತು, ಕಚೇರಿಯ ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಯಾರಪ್ಪಾ ಒಳಗೆ ಅಂತ ಕಿಂಡಿಯ ಮುಂದೆ ಹೋಗಿ ನಿಂತರು. ಬಗ್ಗಲಿಲ್ಲ, ಸಾಹೇಬರಲ್ಲವೇ. ಒಳಗಿದ್ದ ಗುಮಾಸ್ತನಿಗೆ ಕಂಡದ್ದು ಒಂದು ಹೊಟ್ಟೆ, ಒಂದು ಬೆಲ್ಟು, ಎರಡು ಶರ್ಟಿನ ಗುಂಡಿ. ಅವನು ಬುತ್ತಿ ಬಿಚ್ಚುತ್ತಾ, ಊಟ ಆದ ಮೇಲೆ ಬಾರಯ್ಯ ಅಂದುಬಿಟ್ಟ. ಸಾಹೇಬರು ಇನ್ನೊಂದು ಸಲ ಕೂಗಿದರು. ಹೇಳಿದ್ದು ಕೇಳಿಸಲಿಲ್ಲವೇನಯ್ಯ, ಹೊಟ್ಟೆ ತಗೊಂಡು ಆಚೆ ಹೋಗು, ಬೆಳಕಿಗೆ ಅಡ್ಡ ಅಂದ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬೇವಿನ ಮರದ ಕಡೆ ತಿರುಗಿ ನಿಂತೆ. ಕಿಂಡಿ ಆ ತಿಂಗಳೇ ಮೇಲಕ್ಕೆ ಹೋಯಿತು. ಗುಮಾಸ್ತನಿಗೆ ಎತ್ತರದ ಕುರ್ಚಿ ಬಂತು, ಜನ ನೆಟ್ಟಗೆ ನಿಂತು ಅವನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡತೊಡಗಿದರು. ಆ ದಿನದ ವಿಷಯವನ್ನು ಸಾಹೇಬರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಬೂಕನಕೆರೆ ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಗೆ ಅನುದಾನದಲ್ಲಿ ಒಂದು ಕೋಣೆ ಕಟ್ಟಿಸಿದೆ. ಮಳೆಗಾಲದಲ್ಲಿ ರಸ್ತೆಯ ನೀರು ಒಳಕ್ಕೆ ನುಗ್ಗದಿರಲಿ ಅಂತ ನೆಲವನ್ನು ಎತ್ತರಿಸಿ, ಬಾಗಿಲ ಮುಂದೆ ಹತ್ತುವುದಕ್ಕೆ ಅಗಲವಾದ ಒಂದು ಚಪ್ಪಡಿ ಹಾಕಿಸಿದೆ. ಎಷ್ಟು ಸಲೀಸಾಗಿ ಹತ್ತಬಹುದು ಅಂತ ನನಗೇ ಖುಷಿ. ಪೂಜೆಯ ದಿನ ಯಾರೋ ಪುಣ್ಯಾತ್ಗಿತ್ತಿ ಆ ಚಪ್ಪಡಿಗೆ ಅರಿಸಿನ ಬಳಿದು ಕುಂಕುಮ ಇಟ್ಟಳು. ಅಲ್ಲಿಗೆ ಅದು ಹೊಸಿಲಾಗಿ ಹೋಯಿತು.

ಮಾರನೆಯ ಬೆಳಿಗ್ಗೆ ಹೋಗಿ ನೋಡುತ್ತೇನೆ, ಹೆಂಗಸರು ತುಂಬಿದ ಕ್ಯಾನು ಹಿಡಿದುಕೊಂಡು, ಸೀರೆ ಎತ್ತಿಕಟ್ಟಿ, ಆ ಅಗಲದ ಚಪ್ಪಡಿಯನ್ನು ಹಾರಿ ದಾಟುತ್ತಿದ್ದಾರೆ. ಬಾಗಿಲ ಮುಂದೆಲ್ಲ ಹಾಲು. ನಾಯಿಗಳಿಗೆ ಹಬ್ಬ. ಇದು ಮೆಟ್ಟಿಲು ಕಣ್ರಮ್ಮ, ತುಳಿಯಿರಿ ಅಂತ ನಾನೇ ಹತ್ತಿ ನಿಂತು ತೋರಿಸಿದೆ. ಒಬ್ಬ ಅಜ್ಜಿ ನನ್ನ ಪಾದದ ಕಡೆಯೇ ನೋಡುತ್ತಾ, “ಅರಿಸಿನ ಕುಂಕುಮ ಇಕ್ಕಿರೋದ ತುಳಿಯಾಕಾದದೇನವ್ವ? ಓದ್ದೋರು ನೀವು, ಇಳೀರಿ ಕೆಳೀಕೆ” ಅಂದರು. ಇಳಿದೆ. ತೊಳೆಸಿ ನೋಡಿದೆ, ಆಗಲಿಲ್ಲ. ಒಂದು ಸಲ ಹೊಸಿಲಾದದ್ದು ಹೊಸಿಲೇ. ಕೊನೆಗೆ ಚಪ್ಪಡಿಯ ಅಗಲ ಕಡಿಸಿ, ಅದರ ಮುಂದೆ ಇನ್ನೊಂದು ತಗ್ಗಿನ ಕಲ್ಲು ಹಾಕಿಸಿ, ಅದಕ್ಕೆ ಯಾರೂ ಅರಿಸಿನ ಮುಟ್ಟಿಸದ ಹಾಗೆ ನಾನೇ ಕಾದು ನಿಂತೆ. ಹಾಲು ಚೆಲ್ಲುವುದು ನಿಂತಿತು.

ಆ ಚೆಲ್ಲಿದ ಹಾಲಿನಿಂದಲೇ ನಾನು ಒಂದು ರೂಢಿ ಕಲಿತದ್ದು. ಬುನಾದಿ ಅಗೆಯುವ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತೇವಲ್ಲ, ಅದನ್ನು ಎಲ್ಲರೂ ಮಾಡುತ್ತಾರೆ. ನಾನು ಹೆಚ್ಚಾಗಿ ಮಾಡಿದ್ದು ಒಂದೇ. ಗೆರೆ ಹಾಕಿದ ಮೇಲೆ ಆ ಕಟ್ಟಡದಲ್ಲಿ ಮುಂದೆ ಇರಬೇಕಾದವರನ್ನು ಕರೆದು, ಒಳಗೆ ಓಡಾಡಿ, ನಿಮ್ಮ ಕೆಲಸ ಮಾಡಿ ತೋರಿಸಿ ಅನ್ನುತ್ತಿದ್ದೆ. ಮೊದಲು ನಾಚುತ್ತಿದ್ದರು. ಆಮೇಲೆ ಏನಾಗುತ್ತಿತ್ತೋ, ಗೆರೆ ಅವರಿಗೆ ಗೋಡೆಯೇ ಆಗಿಬಿಡುತ್ತಿತ್ತು. ಯಾರೂ ಗೆರೆ ದಾಟುತ್ತಿರಲಿಲ್ಲ, ಬಾಗಿಲು ಬಿಟ್ಟ ಕಡೆಯಿಂದಲೇ ಸುತ್ತಿಕೊಂಡು ಬರುತ್ತಿದ್ದರು. ಪಾಂಡವಪುರದ ಹತ್ತಿರ ಒಂದು ಅಂಗನವಾಡಿಗೆ ಗೆರೆ ಹಾಕಿದ್ದಾಗ, ಟೀಚರಮ್ಮ ಇಲ್ಲದ ಬಾಗಿಲನ್ನು ಮುಚ್ಚಿ ಚಿಲಕ ಹಾಕಿ, ಮಕ್ಕಳನ್ನು ಇಲ್ಲದ ಗೋಡೆಗೆ ಒರಗಿಸಿ ಕೂರಿಸಿದರು. ಎಲ್ಲೋ ಆಲೆಮನೆಯಲ್ಲಿ ಬೆಲ್ಲ ಕಾಯುವ ವಾಸನೆ ಬರುತ್ತಿತ್ತು. ಮಕ್ಕಳು ಆಕಾಶದ ಕೆಳಗೆ ಕೂತು ಒಳಗಿದ್ದವರ ಹಾಗೆ ಪಿಸುಪಿಸು ಮಾತಾಡಿಕೊಳ್ಳುತ್ತಿದ್ದವು. ನಾನೂ ಬಾಗಿಲು ತಟ್ಟಿ ಒಳಗೆ ಹೋದೆ. ಸಂಜೆಯ ಗಾಳಿಗೆ ಗೋಡೆ ಒಂದೊಂದಾಗಿ ಹಾರಿಹೋಗುವ ತನಕ ಅಲ್ಲೇ ಇದ್ದೆವು. ನನ್ನ ಕೆಲಸದಲ್ಲಿ ನಾನು ತುಂಬಾ ಸುಖವಾಗಿದ್ದದ್ದು ಇಂಥ ಮನೆಗಳಲ್ಲಿ.

ಈಗ ನಾಗಮಂಗಲಕ್ಕೆ ಬರುತ್ತೇನೆ.

ಅದು ಹೆಣ್ಣುಮಕ್ಕಳ ಹಾಸ್ಟೆಲು. ಸುತ್ತಲಿನ ಹಳ್ಳಿಗಳಿಂದ ಓದಲು ಬಂದ ಹುಡುಗಿಯರು. ಅಲ್ಲಿ ಅಡುಗೆ ಮಾಡುತ್ತಿದ್ದವರು ಚಿಕ್ಕತಾಯಮ್ಮ. ಗಿಡ್ಡ ಆಳು, ಗಟ್ಟಿ ಮೈಕಟ್ಟು, ದೊಡ್ಡ ಗಂಟಲು. ಹಳೆಯ ಅಡುಗೆಮನೆಯಲ್ಲಿ ನೆಲದ ಒಲೆ, ಸೌದೆ, ಕಣ್ಣುರಿಯುವ ಹೊಗೆ. ಆ ಹೊಗೆಯಲ್ಲೇ ಅವರು ಮಾಡಿಕೊಡುತ್ತಿದ್ದ ಮುದ್ದೆಯನ್ನು, ಮೊದಲ ಸಲ ಆ ತಾಲ್ಲೂಕಿನಲ್ಲಿದ್ದಾಗ, ನಾನು ಎಷ್ಟೋ ಸಲ ಉಂಡಿದ್ದೆ. ಬೆರಳು ಸೋಕಿದರೆ ಮುರಿಯುತ್ತಿತ್ತು, ಬಾಯಿಗಿಟ್ಟರೆ ತಾನೇ ಜಾರುತ್ತಿತ್ತು. ರಜೆಗೆ ಊರಿಗೆ ಹೋದ ಹುಡುಗಿಯರು ಅವ್ವನ ಮುದ್ದೆ ಚೆನ್ನಾಗಿಲ್ಲ ಅಂತ ಜಗಳ ತೆಗೆಯುತ್ತಿದ್ದರಂತೆ.

ನಾನು ಶ್ರೀರಂಗಪಟ್ಟಣದಲ್ಲಿದ್ದಾಗ ಆ ಅಡುಗೆಮನೆ ಕೆಡವಿ ಹೊಸದು ಕಟ್ಟಿದರು. ಮೇಲಿನಿಂದ ಬಂದ ಒಂದೇ ನಮೂನೆಯ ನಕ್ಷೆ, ಎಲ್ಲ ಊರಿಗೂ ಅದೇ. ನಿಂತು ಅಡುಗೆ ಮಾಡುವ ಗ್ರಾನೈಟ್ ಕಟ್ಟೆ, ಅದರ ಮೇಲೆ ದೊಡ್ಡ ಗ್ಯಾಸ್ ಒಲೆ. ನಾನು ನಾಗಮಂಗಲಕ್ಕೆ ಮತ್ತೆ ವರ್ಗವಾಗಿ ಬಂದು, ನೀರಿನ ತೊಟ್ಟಿ ಸೋರುತ್ತದೆ ಅಂತ ಅಲ್ಲಿಗೆ ಹೋದಾಗ ಎಲ್ಲ ಫಳಫಳ ಅನ್ನುತ್ತಿತ್ತು. ವಾರ್ಡನ್ ಸುಶೀಲಮ್ಮ ಊಟಕ್ಕೆ ಕೂರಿಸಿದರು. ಮುದ್ದೆ ಮುರಿದೆ. ಒಳಗೆ ಹಸಿ ಹಿಟ್ಟಿನ ಗಂಟು. ಇನ್ನೊಂದು ತುತ್ತಿಗೂ ಗಂಟು. ಸುತ್ತ ನೋಡಿದರೆ ಹುಡುಗಿಯರೆಲ್ಲ ಗಂಟುಗಳನ್ನು ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಾರೆ.

ಸುಶೀಲಮ್ಮ ಕೈತೊಳೆಯುವ ಕಡೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು. ಪೋಷಕರು ಮೇಲೆ ದೂರು ಕೊಟ್ಟಿದ್ದಾರೆ. ಚಿಕ್ಕತಾಯಮ್ಮ ಗುತ್ತಿಗೆಯ ಮೇಲೆ ಇರುವವರು, ಬೇಸಿಗೆ ರಜೆಗೆ ಅವಧಿ ಮುಗಿಯುತ್ತದೆ. ಹಾಸ್ಟೆಲ್ ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ಬೇರೆ ಹೆಂಗಸನ್ನು ನೋಡಿಟ್ಟಿದ್ದೇನೆ. ವಯಸ್ಸಾಯಿತು, ಕೈ ಹೋಯಿತು, ಏನು ಮಾಡುವುದು. ಸುಶೀಲಮ್ಮ ಕೆಟ್ಟವರಲ್ಲ, ಹೇಳುವಾಗ ಅವರ ಮುಖ ಸಣ್ಣಗಾಗಿತ್ತು. ಚಿಕ್ಕತಾಯಮ್ಮನೂ ತಮ್ಮ ಕೈ ಹೋಯಿತು ಅಂತಲೇ ನಂಬಿಕೊಂಡಿದ್ದರು. ಹೊಸ ಅಡುಗೆಮನೆಯ ಪೂಜೆಗೆ ಬಂದವರೆಲ್ಲ ಅವರ ಮುದ್ದೆಯನ್ನು ಹೊಗಳಿದ್ದಕ್ಕೆ ದೃಷ್ಟಿ ತಾಗಿತು ಅಂತ ಬಲತೋಳಿಗೆ ಕರಿದಾರ ಕಟ್ಟಿಸಿಕೊಂಡಿದ್ದರು. ಗಂಡ ತೀರಿಕೊಂಡ ಮೇಲೆ ಆ ಅಡುಗೆಮನೆಯೇ ಅವರ ಊರು, ಆ ಹುಡುಗಿಯರೇ ಅವರ ಬಳಗ. ಅಲ್ಲಿಂದ ಕಳಿಸಿದರೆ ಎಲ್ಲಿಗೆ ಹೋಗುತ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ.

ತೊಟ್ಟಿಯ ಪೈಪು ನೋಡಲು ಹಿತ್ತಿಲ ಕಡೆ ಹೋದೆ. ಮೆಟ್ಟಿಲ ಮೇಲೆ ಚಿಕ್ಕತಾಯಮ್ಮ ಕೂತಿದ್ದರು, ಹಿಂದೆ ಒಬ್ಬ ಹುಡುಗಿ ನಿಂತು ಅವರಿಗೆ ತುರುಬು ಕಟ್ಟುತ್ತಿದ್ದಳು. ನನ್ನನ್ನು ಕಂಡದ್ದೇ ತಡ, ಚಿಕ್ಕತಾಯಮ್ಮ ಅರೆಬರೆ ತುರುಬಿನಲ್ಲೇ ಎದ್ದು, “ಈ ಮಕ್ಳಿಗೆ ನನ್ ತಲೆ ಬಾಚೋದು ಒಂದು ಆಟ” ಅಂತ ನಕ್ಕು ಒಳಗೆ ಹೋದರು. ಹುಡುಗಿ ಬಾಚಣಿಗೆ ಹಿಡಿದು ನಿಂತೇ ಇದ್ದಳು. ಅವರು ಮರೆಯಾದ ಮೇಲೆ ಮೆಲ್ಲಗೆ ಹೇಳಿದಳು:

“ಅಜ್ಜಿಗೆ ಕೈ ಮ್ಯಾಕೆ ಎತ್ತಾಕಾಗಲ್ಲ ಆಂಟಿ. ದಿನಾ ನಾವೇ ಕಟ್ಟೋದು. ಯಾರ್‌ಗೂ ಏಳ್ಬ್ಯಾಡಿ ಅಂದವ್ರೆ.”

ಆ ಸಂಜೆ ಅಡುಗೆ ನೋಡುವುದಕ್ಕೆ ಅಂತಲೇ ಉಳಿದುಕೊಂಡೆ. ಕಟ್ಟೆಯ ಮೇಲೆ ಒಲೆ, ಒಲೆಯ ಮೇಲೆ ದೊಡ್ಡ ಪಾತ್ರೆ. ಪಾತ್ರೆಯ ಬಾಯಿ ಚಿಕ್ಕತಾಯಮ್ಮನ ಎದೆಮಟ್ಟಕ್ಕಿಂತ ಮೇಲಕ್ಕೇ ಇತ್ತು. ನಮ್ಮ ಕಡೆ ಮುದ್ದೆ ಮಾಡುವುದನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದು, ಬೆಂದ ಮೇಲೆ ದಪ್ಪ ಕೋಲಿನಿಂದ ಗಂಟು ಒಡೆಯುವ ಹಾಗೆ ತಿರುವಿ ತೊಳಸುತ್ತಾರೆ. ಅದಕ್ಕೆ ತೋಳಿನ ಬಲ ಸಾಲದು, ಮೈಯ ಭಾರವೆಲ್ಲ ಮೇಲಿನಿಂದ ಕೋಲಿನ ಮೇಲೆ ಬೀಳಬೇಕು. ನೆಲದ ಒಲೆಯ ಕಾಲದಲ್ಲಿ ಪಾತ್ರೆ ಅಲುಗದ ಹಾಗೆ ಕವೆಗೋಲು ಅಂತ ಒಂದು ಕವಲುಮರವನ್ನು ಒತ್ತಿಟ್ಟು ಅದರ ಮೇಲೆ ಪಾದ ಊರುತ್ತಿದ್ದರು. ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು. ಇಲ್ಲಿ ಇನ್ನೊಬ್ಬಾಕೆ ಬಟ್ಟೆ ಸುತ್ತಿ ಪಾತ್ರೆಯ ಕಿವಿ ಹಿಡಿದುಕೊಂಡಿದ್ದಳು. ಚಿಕ್ಕತಾಯಮ್ಮ ತುದಿಗಾಲಲ್ಲಿ ನಿಂತು, ಮೊಣಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ ತೊಳಸುತ್ತಿದ್ದರು. ಎತ್ತಲಾರದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಕೋಲಿಗೆ ಹಚ್ಚುತ್ತಿದ್ದರು. ಹಿಮ್ಮಡಿ ನೆಲ ಮುಟ್ಟುತ್ತಲೇ ಇರಲಿಲ್ಲ. ಭಾರ ಬೀಳುವುದಾದರೂ ಎಲ್ಲಿಂದ.

ಕೊಡಿ ಇಲ್ಲಿ ಅಂತ ಕೋಲು ಇಸಿದುಕೊಂಡೆ. ನಾನು ಅವರಿಗಿಂತ ಎತ್ತರ. ಆದರೂ ನಾಲ್ಕು ಸುತ್ತಿಗೆ ಭುಜದೊಳಗೆ ಬೆಂಕಿ ಹತ್ತಿಕೊಂಡಿತು, ಕೋಲು ಬಿಟ್ಟುಬಿಟ್ಟೆ. ಮಂಪರಿನಲ್ಲಿ ಈಗಲೂ ಬರುವ ನೋವು ಅದೇ. ದಿನಕ್ಕೆರಡು ಹೊತ್ತು ಈ ಹೆಂಗಸು ಮಾಡುತ್ತಿದ್ದದ್ದು ಇದನ್ನೇ.

ಕೈ ಹೋಗಿಲ್ಲ ಚಿಕ್ಕತಾಯಮ್ಮ, ಈ ಕಟ್ಟೆ ಅನ್ನ ಮಾಡುವವರಿಗೆ ಕಟ್ಟಿದ್ದು, ಮುದ್ದೆಗಲ್ಲ ಅಂದೆ. ಮುದ್ದೆ ಒಂದಕ್ಕೆ ಮೂಲೆಯಲ್ಲಿ ತಗ್ಗಾಗಿ ನೆಲದ ಮಟ್ಟಕ್ಕೆ ಒಂದು ಒಲೆ ಹಾಕಿಸಿಕೊಡುತ್ತೇನೆ, ಹಳೆಯ ಹಾಗೆ ಆಗುತ್ತದೆ ಅಂದೆ. ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಕೆಂಪಗಾಯಿತು.

“ನಮ್ಮವ್ವ ನೆಲದ ಮ್ಯಾಲೆ ಕುಂತು ಕುಂತೇ ಸೊಂಟ ಬಗ್ಗಿ ಸತ್ಲು. ನಾನು ಅರ್ಧ ಆಯಸ್ಸು ಹೊಗೇಲಿ ಕುಂತಿವ್ನಿ. ಈಗ ನಿಂತ್ಕಂಡು ಅಡಿಗೆ ಮಾಡ್ತೀನಿ ಕಣ್ರೀ ಅಂತ ನಮ್ಮೂರಲ್ಲೆಲ್ಲ ಏಳ್ಕಂಡು ಬಂದಿವ್ನಿ. ಮತ್ತೆ ನನ್ನ ನೆಲಕ್ಕೆ ಕುಂಡ್ರಿಸಾಕ್ ಬಂದ್ರಾ? ಕೈ ಓದ್ರೆ ಓಗ್ಲಿ ಬುಡಿ. ನಾ ಕುಂತ್ಕಳಾಕಿಲ್ಲ.”

ಅಷ್ಟು ಹೇಳಿ ಒಲೆಯ ಕಡೆ ತಿರುಗಿಬಿಟ್ಟರು. ನಾನು ಪೆಚ್ಚಾಗಿ ಬಂದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ದಾರಿಯುದ್ದಕ್ಕೂ ಅದೇ ಯೋಚನೆ. ಭುಜವನ್ನು ನೋಡಿದ್ದೆ, ಹಿಮ್ಮಡಿಯನ್ನು ನೋಡಿದ್ದೆ. ನೆಟ್ಟಗೆ ನಿಂತುಕೊಳ್ಳುವುದು ಅವರಿಗೆ ಏನು ಅನ್ನುವುದು ನನಗೆ ಹೊಳೆದಿರಲಿಲ್ಲ. ಹೊರಗೆ ಕಬ್ಬಿನ ಸೂಲಂಗಿ ಹೂ ಬೆಳ್ಳಗೆ ತೂಗುತ್ತಿತ್ತು. ತೂಕಡಿಕೆಯಲ್ಲಿ ಅವ್ವ ಕಂಡಳು, ಕವೆಗೋಲಿನ ಮೇಲೆ ಪಾದ ಊರಿ, ಕೋಲಿನ ಮೇಲೆ ಬಾಗಿ. ಕಣ್ಣು ಬಿಟ್ಟು ಸರಿಯಾಗಿ ನೆನೆಸಿಕೊಂಡೆ. ಅವ್ವ ರೊಟ್ಟಿ ತಟ್ಟುವಾಗ ಕೂತಿರುತ್ತಿದ್ದಳು, ಸಾರಿಗೆ ಅರೆಯುವಾಗ ಕೂತಿರುತ್ತಿದ್ದಳು. ಮುದ್ದೆ ತೊಳಸುವಾಗ ಮಾತ್ರ ಪಾತ್ರೆಯನ್ನು ಕೆಳಗಿಳಿಸಿ ಎದ್ದು ನಿಲ್ಲುತ್ತಿದ್ದಳು. ಕೂರುತ್ತಿದ್ದದ್ದು ಪಾತ್ರೆ.

ನರಸಿಂಹಯ್ಯನವರ ಹತ್ತಿರ ಹೋದೆ. ಅಷ್ಟು ಹೊತ್ತಿಗೆ ಅವರ ತಲೆ ಪೂರ್ತಿ ನೆರೆತು, ನಿವೃತ್ತಿಗೆ ದಿನ ಎಣಿಸುತ್ತಿದ್ದರು. ಮೇಲಿಂದ ಬಂದ ನಕ್ಷೆಯನ್ನು ಮುಟ್ಟುವ ಹಾಗಿಲ್ಲ ಅಂದರು. ಅಡುಗೆಯವರಿಗೆ ಕೈನೋವಾದರೆ ಡಾಕ್ಟರ ಹತ್ತಿರ ಕಳಿಸು, ನನ್ನ ಹತ್ತಿರ ಯಾಕೆ ಬಂದೆ ಅಂದರು. ನನಗೂ ರೇಗಿತು. ಸಾರ್, ಕೆ.ಆರ್.ಪೇಟೆಯ ಕಿಂಡಿ ನೆನಪಿದೆಯಾ ಅಂತ ಕೇಳಿಯೇ ಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಅದನ್ನ ಯಾರಿಗಾದ್ರೂ ಹೇಳಿದ್ದೀಯೇನಮ್ಮ?”

ಇಲ್ಲ ಅಂದೆ. ಅವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಮೀಸೆಯ ಕೆಳಗೆ ನಗು ಬಂದು ಹೋದದ್ದು ನನಗೆ ಕಂಡಿತು. ಆಮೇಲೆ, ಪಾತ್ರೆ ತೊಳೆಯುವುದಕ್ಕೆ ಅಂತ ಒಂದು ತಗ್ಗಿನ ಕಟ್ಟೆ ಕಟ್ಟಿಕೊಂಡರೆ ಯಾವ ನಕ್ಷೆಯೂ ಬೇಡ ಅನ್ನುವುದಿಲ್ಲ, ಅದರ ಮೇಲೆ ನೀವು ಏನು ಬೇಯಿಸಿಕೊಂಡು ತಿನ್ನುತ್ತೀರೋ ನಾನು ನೋಡಲು ಬರುವುದಿಲ್ಲ ಅಂದರು. ನನ್ನ ಸರ್ವಿಸಿನಲ್ಲಿ ನಾನು ಕಂಡ ಅತ್ಯುತ್ತಮ ಆದೇಶ ಅದು.

ರಜೆಗೆ ಇನ್ನು ಕೆಲವೇ ದಿನ ಉಳಿದಿತ್ತು. ಒಂದು ಮಧ್ಯಾಹ್ನ ಮೇಸ್ತ್ರಿ ಖಾದರ್ ಸಾಬರನ್ನು ಕರೆದುಕೊಂಡು, ಒಂದಷ್ಟು ಸಿಮೆಂಟ್ ಇಟ್ಟಿಗೆ ಹೇರಿಸಿಕೊಂಡು ಹಾಸ್ಟೆಲಿಗೆ ಹೋದೆ. ಹುಡುಗಿಯರ ಹತ್ತಿರ ರಂಗೋಲಿ ಪುಡಿ ಇಸಿದುಕೊಂಡು, ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಚೌಕ ಬರೆದೆ. ಚಿಕ್ಕತಾಯಮ್ಮ ಬಾಗಿಲ ಹತ್ತಿರ ಮುಖ ತಿರುಗಿಸಿಕೊಂಡು ನಿಂತಿದ್ದರು.

“ನೀವು ಕೂರೋದು ಬೇಡ ಚಿಕ್ಕತಾಯಮ್ಮ” ಅಂದೆ. “ಪಾತ್ರೆ ಕೂತ್ಕೊಳ್ಳಲಿ. ನೀವು ನಿಂತೇ ಇರಿ.”

ಅವರು ಚೌಕವನ್ನು ನೋಡಿದರು, ಇಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಂದು ಗೆರೆಯ ಪಕ್ಕ ನಿಂತರು. ಇಟ್ಟಿಗೆ ಜೋಡಿಸಿ ಅದರ ಮೇಲೆ ಖಾಲಿ ಪಾತ್ರೆ ಇಟ್ಟೆವು, ಕೋಲನ್ನು ಅವರ ಕೈಗೆ ಕೊಟ್ಟೆ. ತೊಳಸಿ ಅಂದೆ. ಏನನ್ನ ತೊಳಸೋದು ಅಂತ ಗೊಣಗಿಕೊಂಡೇ ಶುರು ಮಾಡಿದರು. ಒಂದು ಸಾಲು ಇಟ್ಟಿಗೆ ತೆಗೆದೆವು. ತೊಳಸಿದರು. ಇನ್ನೊಂದು ಸಾಲು ತೆಗೆದೆವು. ನಾನು ನೆಲದ ಮೇಲೆ ಕೂತು ಅವರ ಪಾದವನ್ನೇ ನೋಡುತ್ತಿದ್ದೆ. ಪಾತ್ರೆಯ ಬಾಯಿ ಅವರ ತೊಡೆಯ ಮಟ್ಟಕ್ಕೆ ಇಳಿದಾಗ ಹಿಮ್ಮಡಿ ಎರಡೂ ನೆಲಕ್ಕೆ ಕೂತವು. ಭುಜ ಕೆಳಗಿಳಿಯಿತು, ಮೊಣಕೈ ಪಕ್ಕೆಗೆ ಬಂತು. ಸೊಂಟ ತಾನಾಗಿ ತಿರುಗತೊಡಗಿತು.

ಆಮೇಲೆ ಅವರು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಖಾಲಿ ಪಾತ್ರೆಯನ್ನು ತೊಳಸುತ್ತಲೇ ಇದ್ದರು. ಕಿಟಕಿಯಿಂದ ಬಿಸಿಲು ಇಳಿದು ರಂಗೋಲಿಯ ಗೆರೆ ಹೊಳೆಯುತ್ತಿತ್ತು. ಹುಡುಗಿಯರು ಬಾಗಿಲಲ್ಲಿ ಗುಂಪುಕಟ್ಟಿ ನೋಡುತ್ತಿದ್ದರು. ಖಾದರ್ ಸಾಬರು ಕರಣೆ ಹಿಡಿದವರು ಹಾಗೇ ನಿಂತಿದ್ದರು. ಇಲ್ಲದ ಹಿಟ್ಟು ಬೆಂದು ಹದಕ್ಕೆ ಬರುವ ವಾಸನೆ ನನ್ನ ಮೂಗಿಗೆ ಬಂತು ಅಂದರೆ ನೀವು ನಂಬಬೇಕಾಗಿಲ್ಲ. ಎಷ್ಟು ಹೊತ್ತಾಯಿತೋ, ಚಿಕ್ಕತಾಯಮ್ಮ ಕಣ್ಣು ಬಿಟ್ಟು, “ಇಲ್ಲೇ ಇರ್ಲಿ” ಅಂದರು.

ಅದೇ ಎತ್ತರಕ್ಕೆ ಕಟ್ಟೆ ಎದ್ದಿತು. ಅದರೊಳಗೆ ತಗ್ಗು ಮಾಡಿ ಒಲೆ ಇಳಿಸಿದೆವು, ಪಾತ್ರೆ ಅಲುಗದ ಹಾಗೆ ಕವೆಗೋಲಿನ ಬದಲು ಕಬ್ಬಿಣದ ಕವೆಯೊಂದನ್ನು ಕಲ್ಲಿಗೆ ನಾಟಿದೆವು. ರಜೆಗೆ ಮುಂಚಿನ ಕೊನೆಯ ಊಟಕ್ಕೆ ಅದರ ಮೇಲೆ ಮುದ್ದೆಯಾಯಿತು. ಸುಶೀಲಮ್ಮ ಹುಡುಗಿಯರ ಜೊತೆಯಲ್ಲೇ ತಟ್ಟೆ ಹಿಡಿದು ಕೂತರು. ಮುರಿದರು, ಬೆರಳಿನಿಂದ ಒತ್ತಿ ನೋಡಿದರು, ನುಂಗಿದರು. ಇನ್ನರ್ಧ ಮುದ್ದೆ ಹಾಕಿಸಿಕೊಂಡರು. ಹುಡುಗಿಯರ ತಟ್ಟೆಯ ಅಂಚುಗಳು ಖಾಲಿಯಿದ್ದವು. ಕೈ ತೊಳೆದುಕೊಂಡು ಬಂದ ಸುಶೀಲಮ್ಮ, ರಜೆ ಮುಗಿಯುವುದಕ್ಕೆ ಒಂದು ದಿನ ಮೊದಲೇ ಬಂದುಬಿಡು ಚಿಕ್ಕತಾಯಮ್ಮ, ರಾಗಿ ಬೀಸಿಸಬೇಕು ಅಂದರು. ಚಿಕ್ಕತಾಯಮ್ಮ ಆಗಲಿ ಅಂತ ತಲೆಯಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಉರಿ ಜಾಸ್ತಿಯಾಯಿತು ಅಂತ ಒಲೆಯನ್ನು ಬೈದರು.

ಕೆಲಸ ಉಳಿಯಿತು. ಕೈ ಏನಾಗುತ್ತದೋ ಗೊತ್ತಿರಲಿಲ್ಲ. ಭುಜ ಒಂದು ಸಲ ಕಚ್ಚಿಕೊಂಡರೆ ಬಿಡಲು ತಿಂಗಳುಗಟ್ಟಲೆ ಬೇಕು, ಬಿಡದೆಯೂ ಇರಬಹುದು ಅಂತ ನಾನು ವಿಚಾರಿಸಿದ ಡಾಕ್ಟರು ಹೇಳಿದ್ದರು. ಆಮೇಲೆ ನನ್ನನ್ನು ಪಾಂಡವಪುರಕ್ಕೆ ಹಾಕಿದರು, ಆ ಕಡೆ ಹೋಗಲಾಗಲಿಲ್ಲ.

ಮಳೆಗಾಲ ಕಳೆದು, ರಾಗಿ ಹೊಲ ತೆನೆಗಟ್ಟಿದ ಹೊತ್ತಿನಲ್ಲಿ ನಾಗಮಂಗಲದಲ್ಲಿ ಏನೋ ಕೆಲಸ ಬಿತ್ತು, ಮುಗಿಸಿಕೊಂಡು ಹಾಸ್ಟೆಲಿಗೆ ಹೋದೆ. ಬಸ್ಸಿನ ಕಿಟಕಿಯ ಗಾಳಿಗೆ ನನ್ನ ತುರುಬು ಬಿಚ್ಚಿ ಕೂದಲೆಲ್ಲ ಹರಡಿಕೊಂಡಿತ್ತು. ಹಿತ್ತಿಲ ಮೆಟ್ಟಿಲ ಮೇಲೆ, ಅಂದು ಬಾಚಣಿಗೆ ಹಿಡಿದು ನಿಂತಿದ್ದ ಹುಡುಗಿ ಓದಿಕೊಳ್ಳುತ್ತಾ ಕೂತಿದ್ದಳು. ಚಿಕ್ಕತಾಯಮ್ಮ ಒಳಗಿನಿಂದ ಬಂದವರು ನನ್ನ ತಲೆ ನೋಡಿ, ಇದೇನು ಅವತಾರ, ಇಂಜಿನಿಯರವ್ವನ ತಲೆ ನೋಡಿದರೆ ಸಂತೆಯಿಂದ ತಪ್ಪಿಸಿಕೊಂಡು ಬಂದ ಹಾಗಿದೆ ಅಂತ ಬೈದು, ಬಾ ಇಲ್ಲಿ ಅಂದರು. ಅಲ್ಲಿಯ ತನಕ ನನ್ನನ್ನು ನೀವು ಅನ್ನುತ್ತಿದ್ದವರು.

ನಾನು ಅವರಿಗಿಂತ ಎತ್ತರವಲ್ಲವೇ. ಅವರಿಗೆ ಎಟುಕಲಿ ಅಂತ ಮೆಟ್ಟಿಲ ಮೇಲೆ ಕೂರಲು ಹೋದೆ.

“ಕುಂತ್ಕಬ್ಯಾಡ” ಅಂದರು. “ನಿಂತ್ಕೋ.”

ನಿಂತೆ. ಹಿಂದಿನಿಂದ ಅವರ ಎರಡೂ ಕೈ ನನ್ನ ನೆತ್ತಿಯ ತನಕ ಬಂದವು. ಕೂದಲನ್ನೆಲ್ಲ ಮೇಲಕ್ಕೆ ಎಳೆದು, ತಿರುವಿ, ಗಟ್ಟಿಯಾಗಿ ಒಂದು ತುರುಬು ಕಟ್ಟಿದರು. ಹುಡುಗಿ ಪುಸ್ತಕದಿಂದ ತಲೆಯೆತ್ತಿ ನೋಡುತ್ತಿದ್ದಳು. ನಾನು ಹಿಂದಕ್ಕೆ ತಿರುಗಲಿಲ್ಲ, ಅವರ ತುರುಬನ್ನು ಯಾರು ಕಟ್ಟಿದರು ಅಂತ ಕೇಳಲೂ ಇಲ್ಲ. ಈಗಲೂ ಮಧ್ಯಾಹ್ನದ ಮಂಪರಿನಿಂದ ಭುಜ ನೀವಿಕೊಳ್ಳುತ್ತಾ ಎದ್ದಾಗ, ಅದೇ ಕೈ ತಾನಾಗಿ ಮೇಲಕ್ಕೆ ಹೋಗಿ ತುರುಬನ್ನು ಮುಟ್ಟಿ ನೋಡಿಕೊಳ್ಳುತ್ತದೆ.